ಮೊದಲು ರಂಗೋಲಿ ಪುಡಿ, ಆಮೇಲೆ ಗುದ್ದಲಿ: 7,400 ರೂಪಾಯಿಯಲ್ಲಿ ಹಿತ್ತಲಿನ ಕೈತೋಟ

ನಮ್ಮ ಮೊದಲ ಕೈತೋಟ ಬದುಕಿದ್ದು ಎರಡೇ ತಿಂಗಳು. ಮೈಸೂರಿನಲ್ಲಿ ಮನೆ ಕಟ್ಟಿ ಮುಗಿಸಿದ ಖುಷಿಯಲ್ಲಿ ಒಂದು ಭಾನುವಾರ ನರ್ಸರಿಗೆ ಹೋದೆವು. ಗುಲಾಬಿ, ಕ್ರೋಟನ್, ಒಂದು ಸಪೋಟ, ಹೆಸರೇ ಗೊತ್ತಿಲ್ಲದ ಎರಡು ಬಳ್ಳಿ, ಒಂದಿಷ್ಟು ಬಣ್ಣದ ಕುಂಡ. ಆಟೋದಲ್ಲಿ ಕಾಲಿಡಲು ಜಾಗವಿರಲಿಲ್ಲ. 3,200 ರೂಪಾಯಿ ಕೈಬಿಟ್ಟಿತು. ಮನೆಗೆ ಬಂದು ಗುಂಡಿ ತೋಡಿದರೆ ಜಲ್ಲಿ, ಗಟ್ಟಿಯಾದ ಸಿಮೆಂಟು, ಟೈಲ್ಸ್ ಚೂರು, ಕೊನೆಗೆ ಯಾರದೋ ಹರಿದ ಚಪ್ಪಲಿ ಕೂಡ ಸಿಕ್ಕಿತು. ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ನೆಟ್ಟೆವು, ನೀರು ಹಾಕಿದೆವು. ಗಿಡಗಳು ಒಂದೊಂದಾಗಿ ಹಳದಿಯಾಗಿ ಹೋದವು.

ಎರಡನೇ ಸಲ ಉಲ್ಟಾ ಮಾಡಿದೆವು. ಮಣ್ಣಿಗೆ ದುಡ್ಡು ಕೊಟ್ಟೆವು, ಗಿಡಗಳನ್ನು ಅಕ್ಕಪಕ್ಕದವರ ಹತ್ತಿರ ಕೇಳಿ ತಂದೆವು. ಎಲ್ಲ ಸೇರಿ ಖರ್ಚಾಗಿದ್ದು 7,400 ರೂಪಾಯಿ. ಜಾಗ ದೊಡ್ಡದೇನಲ್ಲ. ಮನೆಯ ಹಿಂದೆ 24 ಅಡಿ ಅಗಲ, 15 ಅಡಿ ಉದ್ದ, ಅಂದರೆ 360 ಚದರ ಅಡಿ. ಈಗ ಮನೆಗೆ ಬೇಕಾದ ಸೊಪ್ಪು, ಕರಿಬೇವು, ಪೂಜೆಯ ಹೂವು ಬಹುಪಾಲು ಅಲ್ಲೇ ಸಿಗುತ್ತದೆ. ತರಕಾರಿ ಪೂರ್ತಿ ಸಿಗುತ್ತದೆ ಅಂದರೆ ಸುಳ್ಳಾಗುತ್ತದೆ. ವಾರಕ್ಕೆ ಎರಡು ಮೂರು ದಿನದ್ದು ಸಿಗುತ್ತದೆ.

ನಿಮ್ಮ ಜಾಗ ಇದಕ್ಕಿಂತ ಚಿಕ್ಕದಿರಬಹುದು, ಬೇರೆ ದಿಕ್ಕಿಗಿರಬಹುದು. ಕ್ರಮ ಮಾತ್ರ ಇದೇ ಇರಲಿ.

ಮೊದಲ ಕೆಲಸ: ಮನೆಯವರನ್ನು ಕೇಳಿ

ಹಿತ್ತಲಿಗೆ ಯಾರು ಹೋಗುತ್ತಾರೆ, ಯಾತಕ್ಕೆ ಹೋಗುತ್ತಾರೆ ಅನ್ನುವುದರಿಂದ ಶುರು ಮಾಡಿ. ಗಿಡದ ಹೆಸರು ಆಮೇಲೆ. ಪ್ರತಿಯೊಬ್ಬರಿಗೂ ಒಂದೇ ಆಸೆ ಹೇಳಲು ಬಿಡಿ. ಎರಡು ಕೇಳಿದರೆ ಪಟ್ಟಿ ಮುಗಿಯುವುದಿಲ್ಲ.

ನಮ್ಮ ಅತ್ತೆಗೆ ಬೆಳಿಗ್ಗೆ ಸ್ನಾನವಾದ ಕೂಡಲೇ ಕೈಗೆಟಕುವ ಹೂವು ಬೇಕಿತ್ತು. ಮಾವನವರಿಗೆ ಬಾಳೆ. ಅದೂ ನಂಜನಗೂಡಿನ ರಸಬಾಳೆಯೇ ಆಗಬೇಕು. ನಮ್ಮವರಿಗೆ ಸಂಜೆ ಕಾಫಿ ಹಿಡಿದು ಕೂರಲು ಒಂದು ಜಾಗ. ಐದು ವರ್ಷದ ಮಗಳಿಗೆ ಕೆಸರು. ನನಗೆ ಸೊಪ್ಪು. ಇದರ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಅಗತ್ಯಗಳೂ ಇರುತ್ತವೆ. ಬಟ್ಟೆ ಒಗೆಯುವ ಕಲ್ಲು, ಒಣಹಾಕುವ ತಂತಿ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸಲು ಬಿಸಿಲಿನ ನೆಲ, ಚರಂಡಿಯ ಚೇಂಬರ್ ಮುಚ್ಚಳ ತೆಗೆಯಲು ಜಾಗ. ತೋಟದ ಚಿತ್ರ ಬರೆಯುವವರು ಮರೆಯುವುದು ಇವನ್ನೇ. ಮರೆತರೆ ಆರು ತಿಂಗಳಲ್ಲಿ ಮಲ್ಲಿಗೆ ಬಳ್ಳಿಯ ಮೇಲೆ ಟವೆಲ್ ಒಣಗುತ್ತಿರುತ್ತದೆ.

ನೆರಳು ಎಲ್ಲಿ ಬೀಳುತ್ತದೆ

ಇದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಒಂದು ರಜಾ ದಿನ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಹಿತ್ತಲಿಗೆ ಹೋಗಿ ನೆರಳಿನ ಅಂಚಿಗೆ ಒಂದೊಂದು ಕಲ್ಲು ಇಡಿ. ಹಣ್ಣು ತರಕಾರಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪು ನಾಲ್ಕು ಗಂಟೆಯಲ್ಲೂ ಬರುತ್ತದೆ. ಮೂರು ಗಂಟೆಗಿಂತ ಕಡಿಮೆ ಇದ್ದರೆ ಒಂದೆಲಗ, ಪುದೀನ, ದೊಡ್ಡಪತ್ರೆಗಷ್ಟೇ ಸಮಾಧಾನಪಟ್ಟುಕೊಳ್ಳಿ.

ಆದರೆ ಒಂದು ದಿನದ ನೆರಳು ನಂಬಿ ಕೂರಬೇಡಿ. ನಮ್ಮ ಕಡೆ ಸೂರ್ಯ ವರ್ಷದಲ್ಲಿ ಎರಡು ಸಲ ನೆತ್ತಿ ದಾಟುತ್ತಾನೆ. ಮೈಸೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೇ ವಾರದ ಹೊತ್ತಿಗೆ ಇನ್ನೊಮ್ಮೆ. ಆ ನಡುವಿನ ದಿನಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಸ್ವಲ್ಪವೇ ಬೀಳುತ್ತದೆ. ಉಳಿದ ಕಾಲದಲ್ಲಿ ಉತ್ತರಕ್ಕೆ. ಡಿಸೆಂಬರಿನಲ್ಲಂತೂ 10 ಅಡಿ ಗೋಡೆಯ ನೆರಳು ನಡುಮಧ್ಯಾಹ್ನವೇ ಉತ್ತರಕ್ಕೆ 7 ಅಡಿ ಚಾಚುತ್ತದೆ. ಕಲಬುರಗಿ ಕಡೆ ಎಂಟೂವರೆ ಅಡಿ.

ನಮ್ಮದು ದಕ್ಷಿಣಕ್ಕೆ ಬಾಗಿಲಿರುವ ಮನೆ. (ತೆಂಕಣ ದಿಕ್ಕಿನ ಸೈಟು ಅಂತ ಯಾರೂ ಮುಟ್ಟದೆ ಬಿಟ್ಟಿದ್ದರು, ನಮಗೆ ಸ್ವಲ್ಪ ಕಡಿಮೆಗೆ ಸಿಕ್ಕಿತು.) ಹಾಗಾಗಿ ಹಿತ್ತಲು ಉತ್ತರಕ್ಕಿದೆ. ಪ್ಯಾರಾಪೆಟ್ ಸೇರಿ ಮನೆ 14 ಅಡಿ ಎತ್ತರ. ಡಿಸೆಂಬರಿನಲ್ಲಿ ಹಿತ್ತಲಿನ 15 ಅಡಿಯಲ್ಲಿ 10 ಅಡಿ ಮನೆಯ ನೆರಳೇ ತಿನ್ನುತ್ತದೆ. ವರ್ಷವಿಡೀ ಬಿಸಿಲು ಸಿಗುವುದು ಕಾಂಪೌಂಡಿಗೆ ಅಂಟಿದ ಆಚೆಯ 5 ಅಡಿಗೆ ಮಾತ್ರ. ಅಡುಗೆಮನೆ ಬಾಗಿಲಿನ ಪಕ್ಕದಲ್ಲೇ ತರಕಾರಿ ಬೆಳೆಯಬೇಕು ಅಂತ ಆಸೆಪಟ್ಟಿದ್ದೆ. ಈ ಲೆಕ್ಕ ಸಿಕ್ಕ ಮೇಲೆ ಆ ಆಸೆ ಬಿಟ್ಟೆ. ತರಕಾರಿ ಆ ತುದಿಗೆ ಹೋಯಿತು, ಕೂರುವ ಜಾಗ ಈ ತುದಿಗೆ ಬಂತು.

ಪೂರ್ವ ದಿಕ್ಕಿನ ಮನೆಯವರಿಗೆ ಹಿತ್ತಲು ಪಶ್ಚಿಮಕ್ಕೆ ಬರುತ್ತದೆ. ಅಲ್ಲಿ ಬೆಳಿಗ್ಗೆ ಮನೆಯ ನೆರಳು, ಮಧ್ಯಾಹ್ನದ ಮೇಲೆ ಸುಡುವ ಬಿಸಿಲು. ಮಾರ್ಚ್ ಏಪ್ರಿಲ್‌ನಲ್ಲಿ ಎಳೆಯ ಸೊಪ್ಪು ಬಾಡುತ್ತದೆ. ಪಶ್ಚಿಮದ ಅಂಚಿಗೆ ನುಗ್ಗೆಯೋ ಬಾಳೆಯೋ ಇದ್ದರೆ ಅನುಕೂಲ.

ರಂಗೋಲಿ ಪುಡಿಯಲ್ಲಿ ನಕ್ಷೆ

ಕಾಗದದ ಮೇಲೆ ನಕ್ಷೆ ಬರೆಯಬೇಡಿ ಅಂತ ಹೇಳುವುದಿಲ್ಲ. ಬರೆಯಿರಿ. ಆಮೇಲೆ ಅದನ್ನೇ ಎರಡು ಕಿಲೋ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಎಳೆಯಿರಿ. ಪಾತಿ ಎಲ್ಲಿ, ದಾರಿ ಎಲ್ಲಿ, ಮಗು ಆಡುವ ಜಾಗ ಎಲ್ಲಿ, ಎಲ್ಲ ಅಳತೆಗೆ ಸರಿಯಾಗಿ. ಹಾಗೇ ಒಂದು ವಾರ ಬಿಟ್ಟುಬಿಡಿ. ಮನೆಯವರು ಎಂದಿನಂತೆ ಓಡಾಡಲಿ. ಯಾರಿಗೂ "ತುಳಿಯಬೇಡಿ" ಅನ್ನಬೇಡಿ.

ನಾಲ್ಕನೇ ದಿನ ನೋಡಿದಾಗ ನಮ್ಮ ಎಡಗಡೆ ಪಾತಿಯ ಒಂದು ಮೂಲೆ ಪೂರ್ತಿ ಅಳಿಸಿತ್ತು. ಅಡುಗೆಮನೆ ಬಾಗಿಲಿಂದ ಬಟ್ಟೆ ತಂತಿಗೆ ಎಲ್ಲರೂ ಅಡ್ಡದಾರಿ ಹಿಡಿಯುತ್ತಿದ್ದರು. ನಾನು ಎಳೆದಿದ್ದ ಚಂದದ ನೇರ ದಾರಿಯಲ್ಲಿ ಒಬ್ಬರೂ ನಡೆದಿರಲಿಲ್ಲ. "ದಾರಿ ನೀನು ಬರೆಯೋದಲ್ಲ ಕಣಮ್ಮ, ಕಾಲು ಬರೆಯೋದು" ಅಂದರು ಅತ್ತೆ. ಪುಡಿ ಅಳಿಸಿದ ಕಡೆಯೇ ದಾರಿ ಮಾಡಿದೆವು, ಪಾತಿಯನ್ನು ಬಲಕ್ಕೆ ಸರಿಸಿದೆವು. ಕಲ್ಲು ಹಾಸಿದ ಮೇಲೆ ಇದು ಗೊತ್ತಾಗಿದ್ದರೆ ಕಿತ್ತು ಹಾಕುವ ಕೂಲಿ ಬೇರೆ ಕೊಡಬೇಕಿತ್ತು.

ಅಳತೆಯ ವಿಷಯದಲ್ಲಿ ಎರಡು ಮಾತು. ಎರಡೂ ಕಡೆಯಿಂದ ಕೈ ಹಾಕಲು ಆಗುವ ಪಾತಿ 4 ಅಡಿ ಅಗಲ ಇರಬಹುದು. ಒಂದೇ ಕಡೆಯಿಂದ ಅಂದರೆ ಎರಡೂವರೆ ಅಡಿ ದಾಟಬಾರದು. ದಾಟಿದರೆ ಕಳೆ ಕೀಳಲು ಪಾತಿಯೊಳಗೆ ಕಾಲಿಡುತ್ತೀರಿ, ಮಣ್ಣು ಗಟ್ಟಿಯಾಗುತ್ತದೆ. ನಡೆಯುವ ದಾರಿಗೆ ಒಂದೂವರೆ ಅಡಿ ಸಾಕು, ನೀರಿನ ಬಕೆಟ್ ಹಿಡಿದು ಹೋಗುವುದಾದರೆ ಎರಡು ಅಡಿ.

ಕೊನೆಗೆ ನಮ್ಮ ಹಿತ್ತಲು ಮೂರು ಪಟ್ಟಿಯಾಯಿತು. ಮನೆಗೆ ಅಂಟಿದ 5 ಅಡಿಗೆ ಮನೆ ಕಟ್ಟಿ ಉಳಿದಿದ್ದ ಕಲ್ಲು ಹಾಸಿದೆವು. ಅಲ್ಲೇ ಒಗೆಯುವ ಕಲ್ಲು, ತಂತಿ, ಎರಡು ಕುರ್ಚಿ. ನಡುವಿನ 5 ಅಡಿಯಲ್ಲಿ ತುಳಸಿ, ಕರಿಬೇವು, ನೆರಳು ತಡೆಯುವ ಸಣ್ಣ ಗಿಡಗಳು, ಮಗಳಿಗೆ 4 ಅಡಿ ಚೌಕದ ಮರಳು. ಆಚೆಯ 5 ಅಡಿಯಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಎರಡು ತರಕಾರಿ ಪಾತಿ. ಪಾತಿಗೂ ಕಾಂಪೌಂಡಿಗೂ ಮಧ್ಯೆ ಒಂದು ಅಡಿ ಬಿಟ್ಟಿದ್ದೇವೆ. ಹಿಂದಿನಿಂದಲೂ ಕೈ ಹಾಕಬಹುದು, ಗೋಡೆಗೆ ತೇವ ಹಿಡಿಯುವುದಿಲ್ಲ.

ಹುಲ್ಲುಹಾಸು ಬೇಡವೇ ಅಂತ ಕೇಳುವವರಿದ್ದಾರೆ. ಬೇಡ. ಬಿರುಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್‌ನಷ್ಟು ನೀರು ನೆಲದಿಂದ ಆರಿಹೋಗುತ್ತದೆ ಅಂತ ಇಟ್ಟುಕೊಳ್ಳಿ. 360 ಚದರ ಅಡಿ ಹುಲ್ಲಿಗೆ ದಿನಾ 165 ಲೀಟರ್ ಮೇಲೆ ಬೇಕು. ನಮ್ಮ ಎರಡು ಪಾತಿ ಸೇರಿ 80 ಚದರ ಅಡಿ, ಅದಕ್ಕೆ 37 ಲೀಟರ್, ಅಂದರೆ ಮೂರು ಕೊಡ. ಟ್ಯಾಂಕರ್ ಕರೆಸುವ ಬಡಾವಣೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಮಣ್ಣು: ಇಲ್ಲಿ ಜಿಪುಣತನ ಬೇಡ

ಹೊಸ ಮನೆಯ ಹಿತ್ತಲು ಅಂದರೆ ಅರ್ಧ ಮಣ್ಣು, ಅರ್ಧ ಮನೆಯ ಮೂಳೆ. ಸಿಮೆಂಟು, ಸುಣ್ಣದ ಚೂರು ಮಣ್ಣನ್ನು ಕ್ಷಾರ ಮಾಡುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆಯ ನರ ಹಸಿರಾಗಿದ್ದು ಮಧ್ಯೆ ಹಳದಿಯಾಗುವುದು ಅದರ ಗುರುತು. ನಮ್ಮ ಗುಲಾಬಿ ಹೋಗಿದ್ದು ಹೀಗೇ.

ಮೊದಲು ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಎರಡು ಮೂರು ಗಂಟೆಯಲ್ಲಿ ಇಳಿದರೆ ಸರಿ. ಮಾರನೇ ದಿನವೂ ನಿಂತಿದ್ದರೆ ಅಡಿಯಲ್ಲಿ ಗಾರೆಯ ಪದರವೋ ಜಿಗುಟು ಮಣ್ಣೋ ಇದೆ. ಅಲ್ಲಿ ಪಪ್ಪಾಯಿಯಂಥ ಗಿಡ ನೆಟ್ಟರೆ ಬೇರು ಕೊಳೆಯುವುದು ಖಂಡಿತ. ಮಣ್ಣಿನ ಪರೀಕ್ಷೆ ಮಾಡಿಸಬೇಕು ಅಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಇಷ್ಟು ಸಣ್ಣ ಜಾಗಕ್ಕೆ ನಾವು ಮಾಡಿಸಲಿಲ್ಲ. ಹೊರಗಿನಿಂದ ಮಣ್ಣು ತರುವುದು ಹೇಗೂ ಖಾತ್ರಿಯಾಗಿತ್ತು.

ಪಾತಿ ಬರುವ ಕಡೆ ಮಾತ್ರ ಒಂದು ಅಡಿ ಅಗೆಸಿದೆವು. ಪೂರ್ತಿ ಹಿತ್ತಲು ಅಗೆಸುವುದು ದುಡ್ಡು ದಂಡ. ಇಬ್ಬರು ಆಳು, ಪಿಕಾಸಿ, ಒಂದು ದಿನ. ಬಂದ ಜಲ್ಲಿ ಇಟ್ಟಿಗೆ ಚೂರನ್ನೆಲ್ಲ ಕಲ್ಲು ಹಾಸುವ ಕಡೆ ತುಂಬಿಸಿದೆವು, ಹೊರಗೆ ಸಾಗಿಸುವ ಬಾಡಿಗೆ ಉಳಿಯಿತು.

ಪಾತಿಗೆ ಅಂಚು ಬೇಕಲ್ಲ. ಹಳೇ ಮನೆ ಕೆಡವುವ ಕಡೆ ಮಂಗಳೂರು ಹೆಂಚು ರಾಶಿ ಬಿದ್ದಿರುತ್ತದೆ. ನಮಗೆ ಪಕ್ಕದ ಬೀದಿಯಲ್ಲಿ ಪುಕ್ಕಟೆ ಸಿಕ್ಕಿತು. ಹೆಂಚನ್ನು ನಿಲ್ಲಿಸಿ, ಮೂರನೇ ಒಂದು ಪಾಲು ನೆಲದೊಳಗೆ ಹೂತು ಸಾಲಾಗಿ ಇಟ್ಟರೆ 9 ಅಂಗುಲ ಎತ್ತರದ ಪಾತಿ ಸಿದ್ಧ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಮಳೆ ತಡೆಯಲೆಂದೇ ಹುಟ್ಟಿದ್ದು. ನಮ್ಮ ಪಾತಿಯ ಕೆಸರು ಅದಕ್ಕೆ ಯಾವ ಲೆಕ್ಕ? ಹೊಸ ಸಿಮೆಂಟ್ ಇಟ್ಟಿಗೆ ಮಾತ್ರ ಬೇಡ.

ಈಗ ಎಷ್ಟು ಮಣ್ಣು ಬೇಕು ಅನ್ನುವ ಲೆಕ್ಕ. 10 ಅಡಿ, 4 ಅಡಿ, ಮುಕ್ಕಾಲು ಅಡಿ ಎತ್ತರ ಅಂದರೆ ಒಂದು ಪಾತಿಗೆ 30 ಘನ ಅಡಿ. ಎರಡಕ್ಕೆ 60. ಅದರಲ್ಲಿ ಅರ್ಧ ಕೆಂಪು ಮಣ್ಣು, ಕಾಲು ಭಾಗ ಹಳೆಯ ಕೊಟ್ಟಿಗೆ ಗೊಬ್ಬರ, ಇನ್ನು ಕಾಲು ಭಾಗ ಮಣ್ಣನ್ನು ಹಗುರ ಮಾಡುವ ಯಾವುದಾದರೂ ಸರಿ. 50 ಕಿಲೋ ಸಿಮೆಂಟಿನ ಖಾಲಿ ಚೀಲದಲ್ಲಿ ಒಂದೂಕಾಲು ಘನ ಅಡಿ ಹಿಡಿಸುತ್ತದೆ. ಹಾಗಾಗಿ ಗೊಬ್ಬರ 12 ಚೀಲ. ಹಾಲು ಹಾಕುವವರ ಮನೆಯಿಂದ ಚೀಲಕ್ಕೆ 60 ರೂಪಾಯಿಯಂತೆ ತಂದೆವು. ಗೊಬ್ಬರ ಕೈಯಲ್ಲಿ ಹಿಡಿದರೆ ಕಾಫಿ ಪುಡಿಯ ಹಾಗೆ ಉದುರಬೇಕು, ಸಗಣಿ ವಾಸನೆ ಇರಬಾರದು. ಹಸಿ ಸಗಣಿ ಹಾಕಿದರೆ ಅದು ಕೊಳೆಯುವ ಬಿಸಿಗೆ ಬೇರು ಸುಡುತ್ತದೆ, ಗೊಣ್ಣೆಹುಳು ಬೇರೆ ಬರುತ್ತದೆ.

ಹಗುರ ಮಾಡಲು ಪೂರ್ತಿ ಕೋಕೋಪೀಟ್ (ಇಟ್ಟಿಗೆಯ ಹಾಗೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ) ಕೊಂಡರೆ ದುಬಾರಿ. ಎರಡೇ ಇಟ್ಟಿಗೆ ತಂದು, ಉಳಿದದ್ದಕ್ಕೆ ಭತ್ತದ ಹೊಟ್ಟು ಮತ್ತು ಬೀದಿಯಲ್ಲಿ ಗುಡಿಸಿಟ್ಟ ಹೊಂಗೆ ಎಲೆ ಸೇರಿಸಿದೆವು. ಪಾತಿಯ ತಳಕ್ಕೆ ಎಳನೀರು ಅಂಗಡಿಯವರು ಬಿಸಾಡಿದ ಬುರುಡೆಗಳನ್ನು ಸೀಳಿ, ಬೋರಲು ಹಾಕದೆ ಅಂಗಾತ ಹಾಕಿದೆವು. ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಐದು ಕಿಲೋ ಬೇವಿನ ಹಿಂಡಿ. ಎಲ್ಲ ಕಲಸಿ, ನೀರು ಹಾಕಿ, ಹದಿನೈದು ದಿನ ಸುಮ್ನೆ ಬಿಡಿ. ಮಣ್ಣು ಎರಡು ಅಂಗುಲ ಕುಗ್ಗುತ್ತದೆ. ಗಾಬರಿ ಬೇಡ.

ಉತ್ತರ ಕರ್ನಾಟಕದ ಎರೆಮಣ್ಣಿನವರು ಕೆಂಪು ಮಣ್ಣು ಹುಡುಕಿಕೊಂಡು ಹೋಗಬೇಕಿಲ್ಲ. ಆ ಮಣ್ಣಿನಲ್ಲಿ ಸಾರವಿದೆ, ನೀರು ಬಸಿಯುವುದಿಲ್ಲ ಅಷ್ಟೇ. ಗೊಬ್ಬರ, ದಪ್ಪ ಮರಳು ಸೇರಿಸಿ ಪಾತಿ ಎತ್ತರಿಸಿದರೆ ಆಯಿತು. ಕರಾವಳಿಯವರಿಗೆ ಮಳೆಯೇ ಯಜಮಾನ. ಅಲ್ಲಿ ಮಳೆಗಾಲದ ತರಕಾರಿಯನ್ನು ದಿಣ್ಣೆಯ ಮೇಲೆ ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ಪಕ್ಕದ ಮನೆಯ ಅಜ್ಜಿ ನನಗಿಂತ ಚೆನ್ನಾಗಿ ಹೇಳುತ್ತಾರೆ.

ನೀರು

ಹಿತ್ತಲಲ್ಲಿ ಒಂದು ನಲ್ಲಿ ಇರಲೇಬೇಕು. ಅಡುಗೆಮನೆಯಿಂದ ಬಕೆಟ್ ಹೊತ್ತು ತರುವ ತೋಟ ಮೂರನೇ ವಾರಕ್ಕೆ ಒಣಗುತ್ತದೆ. ಪೈಪು, ನಲ್ಲಿ, ಕೂಲಿ ಸೇರಿ 650 ರೂಪಾಯಿ ಆಯಿತು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 900 ಲೀಟರ್ ದಾಟುತ್ತದೆ. ನಾವು ತಾರಸಿಯ ಒಂದು ಪೈಪನ್ನು 200 ಲೀಟರಿನ ಹಳೆಯ ಡ್ರಮ್ಮಿಗೆ ತಿರುಗಿಸಿದ್ದೇವೆ. ಮೇ ತಿಂಗಳ ಒಂದೇ ಜೋರು ಮಳೆಗೆ ತುಂಬಿ ಹರಿಯುತ್ತದೆ. ಡ್ರಮ್ ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ. ರಾಸಾಯನಿಕ ತುಂಬಿದ್ದು ಬೇಡ. ಬಾಯಿಗೆ ಹಳೇ ಪಂಚೆ ಕಟ್ಟಿ. ಡೆಂಗಿ ಸೊಳ್ಳೆಗೆ ಇಂಥ ನಿಂತ ತಿಳಿ ನೀರೇ ಬೇಕು, ಒಂದು ವಾರ ಸಿಕ್ಕರೂ ಸಾಕು. ಕುಂಡದ ಕೆಳಗಿನ ತಟ್ಟೆಗಳನ್ನೂ ವಾರಕ್ಕೊಮ್ಮೆ ಚೆಲ್ಲಿ.

ಒಗೆಯುವ ಕಲ್ಲಿನ ನೀರು ಬಾಳೆಗೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು ಹಾಕುತ್ತಿದ್ದ ಹಳಬರ ಲೆಕ್ಕ ಸರಿಯಾಗಿಯೇ ಇದೆ. ಸೋಪಿನ ನೀರನ್ನು ಸೊಪ್ಪಿನ ಪಾತಿಗೆ ಬಿಡಬೇಡಿ. ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಅದನ್ನೇ ದಿನಾ ಕುಡಿಸಿದರೆ ಮಣ್ಣು ಕೆಡುತ್ತದೆ. ಅದು ನೆಲ ಒರೆಸಲು ಇರಲಿ.

ನೀರು ಉಳಿಸುವ ದೊಡ್ಡ ಉಪಾಯ ಒಣ ಎಲೆ. ಗಿಡದ ಬುಡಕ್ಕೆ ಎರಡು ಮೂರು ಅಂಗುಲ ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ನಾವು ಬೇಸಿಗೆಯಲ್ಲೂ ಪಾತಿಗೆ ದಿನ ಬಿಟ್ಟು ದಿನ ಹಾಕುತ್ತೇವೆ. ಎಳೆ ಸೊಪ್ಪಿಗೆ ಮಾತ್ರ ದಿನಾ.

ಗಿಡ: ಕೇಳಿ ತನ್ನಿ

ಇಲ್ಲಿ ಸಂಕೋಚ ಬಿಡಬೇಕು. ಬೆಳಗಿನ ವಾಕಿಂಗ್‌ನಲ್ಲಿ ಯಾರ ಕಾಂಪೌಂಡಿನಲ್ಲಿ ಏನಿದೆ ನೋಡಿಕೊಂಡು ಬನ್ನಿ. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಹೋಗಿ ಕೇಳಿ. "ಒಂದು ಕಡ್ಡಿ ಕೊಡ್ತೀರಾ ಆಂಟಿ" ಅಂದರೆ ಇಲ್ಲ ಅಂದವರನ್ನು ನಾನು ನೋಡಿಲ್ಲ. ದಾಸವಾಳ, ನಂದಿಬಟ್ಟಲು ಪೆನ್ಸಿಲ್ ಗಾತ್ರದ ಕಡ್ಡಿಯಲ್ಲಿ ಬರುತ್ತವೆ. ನುಗ್ಗೆಗೆ ಮೂರಡಿಯ ಕೊಂಬೆ. ಬಸಳೆ, ದೊಡ್ಡಪತ್ರೆಗೆ ಒಂದು ಗೇಣು ದಂಟು. ಒಂದೆಲಗಕ್ಕೆ ಬೇರು ಬಿಟ್ಟ ಒಂದು ಕುಡಿ. ಪುದೀನವನ್ನು ಮಾರುಕಟ್ಟೆಯ ಕಟ್ಟಿನಿಂದಲೇ ಮಾಡಬಹುದು. ಎಲೆ ಅಡುಗೆಗೆ, ದಪ್ಪ ದಂಟು ಮಣ್ಣಿಗೆ. ಅರಿಶಿನ, ಶುಂಠಿ ಅಡುಗೆಮನೆಯಲ್ಲೇ ಮೊಳೆತಿರುತ್ತವೆ, ಮೇ ತಿಂಗಳಲ್ಲಿ ಹೂತರೆ ಸಂಕ್ರಾಂತಿಗೆ ಪೂಜೆಗಿಡಲು ಹಸಿ ಅರಿಶಿನದ ಗಿಡ.

ಕೊಳ್ಳಬೇಕಾದ್ದು ಸ್ವಲ್ಪವೇ. ಕರಿಬೇವಿನ ಸಸಿ ಒಂದು. ಮೊದಲ ವರ್ಷ ಅದು ಬೆಳೆಯುವುದೇ ಇಲ್ಲ ಅನ್ನಿಸುತ್ತದೆ, ಎಲೆ ಕೀಳದೆ ತಡೆದುಕೊಳ್ಳಿ. ಮೂರಡಿಯಾದ ಮೇಲೆ ತುದಿ ಚಿವುಟಿದರೆ ಪೊದೆಯಾಗುತ್ತದೆ. ಮೈಸೂರು ಮಲ್ಲಿಗೆ ಒಂದು. ಪಪ್ಪಾಯಿ ಎರಡು ನೆಟ್ಟು ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳಿ. ಕೊಡಗಿನ ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿಡ್ಯೂ ತಳಿಯಲ್ಲಿ ಗಂಡು ಗಿಡದ ರಗಳೆ ಇಲ್ಲ. ಹಣ್ಣು ತಿಂದು ಎಸೆದ ಯಾವುದೋ ಬೀಜದಿಂದ ಬಂದ ಗಿಡ ಒಂದು ವರ್ಷ ನೀರು ಕುಡಿದು ಕೊನೆಗೆ ಬರೀ ಗಂಡು ಹೂವಿನ ಗೊಂಚಲು ತೋರಿಸಬಹುದು. ಬೆಂಡೆ ಬೀಜ ಕೊಳ್ಳುವಾಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಸಿಕ್ಕರೆ ತನ್ನಿ. ಎಲೆ ಹಳದಿಯಾಗುವ ನಂಜು ರೋಗವನ್ನು ತಡೆಯಲೆಂದೇ ರೂಪಿಸಿದ ತಳಿ ಅದು. ಸಸಿಗಳಿಗೆ ತೋಟಗಾರಿಕೆ ಇಲಾಖೆಯ ನರ್ಸರಿಗೆ ಮೊದಲು ಹೋಗಿ, ಖಾಸಗಿಯವರ ಹತ್ತಿರ ಆಮೇಲೆ.

ಮಾವನವರ ರಸಬಾಳೆ ಆಗಲಿಲ್ಲ. ಅದಕ್ಕೆ ಸೊರಗು ರೋಗ ಬೇಗ ತಗಲುತ್ತದೆ, ರೋಗ ಬಂದ ಮಣ್ಣು ವರ್ಷಗಟ್ಟಲೆ ಕೆಲಸಕ್ಕೆ ಬಾರದು. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಆಮೇಲೆ ತಾವೇ ಹೋಗಿ ಸ್ನೇಹಿತರ ಮನೆಯಿಂದ ಪಚ್ಚಬಾಳೆಯ ಕಂದು (ಬುಡದಲ್ಲಿ ಹುಟ್ಟುವ ಮರಿ) ತಂದರು. ತಾಯಿ ಗಿಡ ಒಂದು, ಕಂದು ಒಂದು, ಅಷ್ಟೇ ಇಟ್ಟುಕೊಂಡು ಉಳಿದದ್ದು ಕಡಿಯಬೇಕು.

ತೆಂಗು, ಮಾವು, ಹಲಸು ಇಂಥ ಜಾಗದಲ್ಲಿ ಬೇಡವೇ ಬೇಡ. ತೆಂಗಿಗೆ ಗಿಡದಿಂದ ಗಿಡಕ್ಕೆ 25 ಅಡಿ ಬಿಡುತ್ತಾರೆ, ನಮ್ಮ ಹಿತ್ತಲು ಇರುವುದೇ 24. ಮಕ್ಕಳಿರುವ ಮನೆಯಲ್ಲಿ ಕಣಗಿಲೆ, ಉಮ್ಮತ್ತಿ ಕೂಡ ಬೇಡ, ಎರಡೂ ವಿಷ. ಪೂಜೆಗೆ ಕಣಗಿಲೆ ಬೇಕೇ ಬೇಕು ಅಂದರೆ ಮಗು ದೊಡ್ಡದಾಗುವವರೆಗೆ ಹೂವಾಡಗಿತ್ತಿಯ ಹತ್ತಿರ ಕೊಳ್ಳಿ.

ಜೋಡಿಸುವಾಗ ಎತ್ತರದ್ದು ಉತ್ತರಕ್ಕೆ, ಕುಳ್ಳದ್ದು ದಕ್ಷಿಣಕ್ಕೆ. ಕಾಂಪೌಂಡಿನ ಪಕ್ಕ ನಾಲ್ಕು ಬಿದಿರು ಗಳ, ತಂತಿ ಕಟ್ಟಿ ಹೀರೆ, ಹಾಗಲ, ಚಪ್ಪರದವರೆ ಹಬ್ಬಿಸಿದ್ದೇವೆ. ಅದರ ಮುಂದೆ ಬದನೆ, ಬೆಂಡೆ, ಟೊಮೇಟೊ. ಮುಂಭಾಗಕ್ಕೆ ಸೊಪ್ಪು. ಅವರೆಯನ್ನು ಜೂನ್ ಜುಲೈನಲ್ಲಿ ಬಿತ್ತಿ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವುದು. ಅಕ್ಟೋಬರ್‌ವರೆಗೂ ಬರೀ ಬಳ್ಳಿ ನೋಡಿ ಬೇಜಾರಾಗಬೇಡಿ, ಡಿಸೆಂಬರಿನಲ್ಲಿ ಸೊಗಡು ಪಕ್ಕದ ಮನೆಗೂ ಹೋಗುತ್ತದೆ.

ಹೂವಿನ ವಿಷಯದಲ್ಲಿ ಒಂದು ಒಳ್ಳೆಯ ಉಪಾಯ ಬೆಂಗಳೂರಿನ ಬೀದಿಗಳಿಂದ ಕದಿಯಬಹುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಮರದ ಹೂವು ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಅಲ್ಲಿ ಸಾಲುಮರ ಹಾಕಿಸಿದರು. ಹಿತ್ತಲಿಗೂ ಅದೇ ಲೆಕ್ಕ. ಬೇಸಿಗೆಗೆ ಮಲ್ಲಿಗೆ, ಮಳೆ ಮುಗಿಯುವ ಹೊತ್ತಿಗೆ ಪಾರಿಜಾತ, ಚಳಿಗೆ ಸೇವಂತಿಗೆ, ಮಧ್ಯೆ ಯಾವಾಗಲೂ ದಾಸವಾಳ. ಅತ್ತೆಯ ಬುಟ್ಟಿ ಖಾಲಿ ಬರುವುದಿಲ್ಲ. ಪಾರಿಜಾತವನ್ನು ಮಾತ್ರ ಪ್ರತಿವರ್ಷ ಕತ್ತರಿಸಿ ಕುಳ್ಳಗೆ ಇಡಬೇಕು.

ಬಿತ್ತುವುದು

ಸೊಪ್ಪನ್ನು ಒಂದೇ ದಿನ ಪೂರ್ತಿ ಬಿತ್ತಬೇಡಿ. ನಾನು ಮೊದಲ ಸಲ ಹಾಗೆ ಮಾಡಿ ಒಂದು ವಾರ ಬೀದಿಯವರಿಗೆಲ್ಲ ಮೆಂತ್ಯ ಹಂಚಿದೆ, ಆಮೇಲೆ ತಿಂಗಳು ಪೂರ್ತಿ ಅಂಗಡಿಗೆ ಓಡಿದೆ. ಪಾತಿಯ ಸೊಪ್ಪಿನ ಜಾಗವನ್ನು ನಾಲ್ಕು ಚೌಕ ಮಾಡಿ. ಹತ್ತು ಹನ್ನೆರಡು ದಿನಕ್ಕೆ ಒಂದು ಚೌಕ ಬಿತ್ತಿ. ಮೆಂತ್ಯ, ಹರಿವೆ ಸುಮಾರು 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತವೆ, ಕೊತ್ತಂಬರಿಗೆ 40 ದಿನದ ಮೇಲೆ. ನಾಲ್ಕನೇ ಚೌಕ ಬಿತ್ತುವ ಹೊತ್ತಿಗೆ ಮೊದಲನೆಯದು ಬಾಣಲೆಗೆ ಬಂದಿರುತ್ತದೆ. ಹರಿವೆ, ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ಬೀಜಕ್ಕೆ ಒಂದು ಲೋಟ ಮರಳು ಬೆರೆಸಿ ಚೆಲ್ಲಿದರೆ ಸಮನಾಗಿ ಬೀಳುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಬಿತ್ತಿದ ಕಡೆ ಎರಡು ದಿನ ಹಳೇ ಗೋಣಿಚೀಲ ಹೊದಿಸಿಡಿ. ಇಲ್ಲದಿದ್ದರೆ ಗುಬ್ಬಿಗಳಿಗೂ ಇರುವೆಗಳಿಗೂ ಔತಣ.

ಹುಳುಹುಪ್ಪಟೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದಾಸವಾಳಕ್ಕೆ ಬಿಳಿ ಹಿಟ್ಟಿನ ತಿಗಣೆ ಬಂದೇ ಬರುತ್ತದೆ. ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ನಿಜವಾದ ಶತ್ರು ಮಳೆಗಾಲದ ದೊಡ್ಡ ಆಫ್ರಿಕನ್ ಬಸವನಹುಳು. ಒಂದೇ ರಾತ್ರಿಯಲ್ಲಿ ಒಂದು ಸಾಲು ಸಸಿ ಮುಗಿಸುತ್ತದೆ. ಟಾರ್ಚ್ ಹಿಡಿದು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ, ಉಪ್ಪು ನೀರಿನ ಬಕೆಟ್ಟಿಗೆ ಹಾಕುವುದೇ ದಾರಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಬಿಡಬೇಡಿ.

ಅಡುಗೆಮನೆಯ ಕಸಕ್ಕೆ ತೂತು ಕೊರೆದ ಹಳೇ ಬಕೆಟ್ ಸಾಕು. ಒಂದು ಹಿಡಿ ಹಸಿ ಸಿಪ್ಪೆಗೆ ಎರಡು ಹಿಡಿ ಒಣ ಎಲೆ. ಬೇಯಿಸಿದ ಅನ್ನ ಸಾರು ಹಾಕಬೇಡಿ, ಹೆಗ್ಗಣ ಬರುತ್ತದೆ. ಮೂರು ತಿಂಗಳಿಗೆ ಗೊಬ್ಬರ.

ಲೆಕ್ಕ

ನಮಗಾದ ಖರ್ಚು ಹೀಗಿದೆ. ದರ ಊರಿಂದ ಊರಿಗೆ ಬೇರೆ, ಪ್ರಮಾಣ ನೋಡಿಕೊಳ್ಳಿ.

ಅಗೆತ, ಇಬ್ಬರು ಆಳು: 1,600
ಕೆಂಪು ಮಣ್ಣು ಒಂದು ಲೋಡು, ಬಾಡಿಗೆ ಸೇರಿ: 1,800
ಕೊಟ್ಟಿಗೆ ಗೊಬ್ಬರ 12 ಚೀಲ: 720
ಕೋಕೋಪೀಟ್ ಎರಡು ಇಟ್ಟಿಗೆ, ಹೊಟ್ಟು: 400
ಬೇವಿನ ಹಿಂಡಿ: 250
ನಲ್ಲಿ, ಪೈಪು: 650
ಹಳೇ ಡ್ರಮ್: 700
ಬಿದಿರು, ತಂತಿ: 700
ಸಸಿಗಳು: 330
ಬೀಜ: 250

ಮೂರರಲ್ಲಿ ಎರಡು ಪಾಲು ದುಡ್ಡು ಮಣ್ಣಿನ ಕೆಲಸಕ್ಕೇ ಹೋಗಿದೆ. ಗಿಡ, ಬೀಜ ಸೇರಿ 580. ಮೊದಲ ಸಲ ಇದು ತಲೆಕೆಳಗಾಗಿತ್ತು, ಮಣ್ಣಿಗೆ ಒಂದು ರೂಪಾಯಿಯೂ ಹಾಕಿರಲಿಲ್ಲ. ಕೈಯಲ್ಲಿ ಒಟ್ಟಿಗೆ ಇಷ್ಟು ದುಡ್ಡಿಲ್ಲದಿದ್ದರೆ ಒಂದೇ ಪಾತಿ ಮಾಡಿ. ಮಣ್ಣಿನ ಲೋಡನ್ನು ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ. ನಮ್ಮ ಲೋಡಿನಲ್ಲೂ ಅರ್ಧ ಉಳಿದು ನಡುವಿನ ಪಟ್ಟಿಗೆ, ಕುಂಡಗಳಿಗೆ ಹೋಯಿತು.

ಏಪ್ರಿಲ್‌ನಲ್ಲಿ ಅಗೆದು ಮಣ್ಣು ತುಂಬಿಸಿದರೆ ಮೇ ಮಳೆಗೆ ಅದು ಕೂತು ಹದವಾಗುತ್ತದೆ, ಜೂನ್‌ನಲ್ಲಿ ನೆಡಬಹುದು. ಎರಡನೇ ವರ್ಷ ನಮಗೆ ಹೊಸದಾಗಿ ಬೇಕಾಗಿದ್ದು ಆರು ಚೀಲ ಗೊಬ್ಬರ, ಎರಡು ಕಿಲೋ ಬೇವಿನ ಹಿಂಡಿ, ಸ್ವಲ್ಪ ಬೀಜ. ಎಲ್ಲ ಸೇರಿ 610 ರೂಪಾಯಿ. ಅದರ ಮೇಲೆ 120 ರೂಪಾಯಿ ಲೆಕ್ಕಕ್ಕೆ ಬರೆದುಕೊಳ್ಳದೆ ಖರ್ಚು ಮಾಡಿದ್ದೇನೆ. ಒಂದು ಸಂಜೆ ಅದೇ ನರ್ಸರಿಯ ಮುಂದೆ ಹಾದು ಬರುವಾಗ ತಡೆಯಲಾಗದೆ ಒಂದು ಗುಲಾಬಿ ತಂದೆ. ಸದ್ಯಕ್ಕೆ ಬದುಕಿದೆ. ನಿನ್ನೆ ಒಂದು ಮೊಗ್ಗು ಕಂಡಿತು.